ಆ ಮೈಕು ಕಾಣಬಾರದಿತ್ತು

ಮೊದಲ ಸಲ ‘ಡೋಲೆಮೈಟ್’ ಅನ್ನುವ ಹಳೆಯ ಅಮೆರಿಕನ್ ಸಿನಿಮಾ ನೋಡಿದ ರಾತ್ರಿ ನಾನು ಎಷ್ಟು ನಕ್ಕಿದ್ದೆ ಅಂದರೆ, ಪಕ್ಕದ ರೂಮಿನವನು ಎದ್ದು ಬಂದು ಬಾಗಿಲು ಬಡಿದಿದ್ದ. ಆಗ ಬೆಂಗಳೂರಿನ ಒಂದು ಪಿ.ಜಿ.ಯಲ್ಲಿದ್ದೆ. ಗೆಳೆಯನೊಬ್ಬ ಪೆನ್‌ಡ್ರೈವ್ ಕೈಗಿಟ್ಟು "ಇದಕ್ಕಿಂತ ಕೆಟ್ಟ ಸಿನಿಮಾ ನೀನು ನೋಡಿರೋಕೆ ಸಾಧ್ಯನೇ ಇಲ್ಲ, ಬಿಡಬೇಡ" ಅಂದಿದ್ದ. ಅವನ ಮಾತು ಸುಳ್ಳಾಗಲಿಲ್ಲ. ಹೀರೊ ಅಂದರೆ ಹೊಟ್ಟೆ ಬಂದ, ಐವತ್ತರ ಹತ್ತಿರದ ಒಬ್ಬ ಆಸಾಮಿ. ಕರಾಟೆ ಮಾಡುತ್ತಾನೆ. ಆದರೆ ಅವನ ಕಾಲು ತಗಲುವ ಮೊದಲೇ ಎದುರಿನವನು ಬಿದ್ದಿರುತ್ತಾನೆ, ಪಾಪ, ಟೈಮಿಗೆ ಸರಿಯಾಗಿ ಬೀಳಬೇಕು ಅಂತ ಹೇಳಿಕೊಟ್ಟಿದ್ದರೋ ಏನೋ. ಮಾತಾಡುವವರು ಒಂದು ಸಾಲು ಮುಗಿಸಿ, ಮುಂದಿನದು ನೆನಪಾಗಲಿ ಅಂತ ನಿಂತುಬಿಡುತ್ತಾರೆ. ಇದೆಲ್ಲದರ ಮೇಲೆ ಆ ಮೈಕು. ಇಬ್ಬರು ಗಂಭೀರವಾಗಿ ಏನೋ ಮಾತಾಡುತ್ತಿದ್ದಾರೆ, ಅವರ ತಲೆ ಮೇಲೆ ಉದ್ದ ಕೋಲಿಗೆ ಕಟ್ಟಿದ ಮೈಕು ಮೆಲ್ಲಗೆ ಇಳಿದು ಬರುತ್ತದೆ, ಮಾವಿನ ಮರದಿಂದ ಹಾವು ಇಳಿದ ಹಾಗೆ. ಸ್ವಲ್ಪ ಹೊತ್ತು ಅಲ್ಲಾಡಿ ಮೇಲೆ ಹೋಗುತ್ತದೆ. ಸ್ವಲ್ಪ ಹೊತ್ತಿಗೆ ಮತ್ತೆ ಹಾಜರು.

ಆಮೇಲೆ ಎಷ್ಟೋ ವರ್ಷ ನಾನು ಈ ಮೈಕಿನ ಕಥೆ ಹೇಳಿ ಜನರನ್ನು ನಗಿಸಿದ್ದೇನೆ. ಆ ನಗುವಿನ ಬಗ್ಗೆ ಈಗ ಸ್ವಲ್ಪ ಮುಜುಗರ ಇದೆ. ಅದಕ್ಕೇ ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಎರಡು ಮಾತು. 1970ರ ದಶಕದ ಮೊದಲ ಐದಾರು ವರ್ಷ ಅಮೆರಿಕದಲ್ಲಿ ಕಪ್ಪು ಜನರೇ ಹೀರೊ ಆಗಿರುವ, ಕಪ್ಪು ಜನ ನೋಡಲಿ ಅಂತಲೇ ತೆಗೆದ, ಹೆಚ್ಚಿನವು ಕಡಿಮೆ ದುಡ್ಡಿನ ಸಿನಿಮಾಗಳು ಒಂದರ ಹಿಂದೆ ಒಂದು ಬಂದವು. ಪತ್ತೇದಾರಿ, ಗ್ಯಾಂಗ್‌ಸ್ಟರ್, ಕುಂಗ್ ಫೂ, ರಕ್ತ ಹೀರುವ ಪಿಶಾಚಿ, ಎಲ್ಲಾ ಬಗೆ. 1975ರ ಡೋಲೆಮೈಟ್ ಕೂಡ ಇವುಗಳಲ್ಲೊಂದು. ಇವಕ್ಕೆ ಬಿದ್ದ ಹೆಸರು ಬ್ಲಾಕ್ಸ್‌ಪ್ಲಾಯ್ಟೇಶನ್. ಕಪ್ಪು ಅನ್ನುವುದಕ್ಕೂ ಸುಲಿಗೆ ಅನ್ನುವುದಕ್ಕೂ ಗಂಟು ಹಾಕಿದ ಪದ. ಇದು ಬೈಗುಳವಾಗಿಯೇ ಹುಟ್ಟಿದ್ದು. ಕಪ್ಪು ಜನರ ಹಕ್ಕಿಗಾಗಿ ಹೋರಾಡುತ್ತಾ ಬಂದ ಎನ್‌ಎಎಸಿಪಿ ಸಂಸ್ಥೆಯ ಹಾಲಿವುಡ್ ಶಾಖೆಯ ಮುಖ್ಯಸ್ಥ ಜೂನಿಯಸ್ ಗ್ರಿಫಿನ್ 1972ರಲ್ಲಿ ಇದನ್ನು ಚಲಾವಣೆಗೆ ತಂದರು. ನಮ್ಮ ಮಕ್ಕಳಿಗೆ ತೋರಿಸುವುದಕ್ಕೆ ಮಾದಕವಸ್ತು ಮಾರುವವನೂ ಹೆಣ್ಣುಗಳ ದಲ್ಲಾಳಿಯೂ ಬಿಟ್ಟರೆ ಬೇರೆ ಹೀರೊನೇ ಇಲ್ಲವಾ ಅನ್ನುವುದು ಅವರಂಥವರ ಸಿಟ್ಟು. ಆ ಸಿಟ್ಟಿನಲ್ಲಿ ನ್ಯಾಯ ಇದೆ. ಅದಕ್ಕೆ ಆಮೇಲೆ ಬರುತ್ತೇನೆ.

ಕೆಲವು ವರ್ಷಗಳ ನಂತರ ಕೆಲಸದ ಮೇಲೆ ಮಿಶಿಗನ್‌ಗೆ ಹೋದೆ. ಕಾರಿನ ಬಿಡಿಭಾಗದ ಕಂಪನಿ. ಡೆಟ್ರಾಯ್ಟ್ ಸುತ್ತಮುತ್ತ ನಮ್ಮವರು ಬೇಕಾದಷ್ಟು ಜನ ಇದ್ದಾರೆ, ಆದರೆ ಇರುವುದೆಲ್ಲ ಹೊರಗಿನ ಊರುಗಳಲ್ಲಿ. ಊರಿನ ನಟ್ಟನಡುವೆ ಹೋಗುವುದು ಅಂದರೆ ಬಂದ ನೆಂಟರಿಗೆ ನದಿ ತೋರಿಸೋಕೆ, ಅಷ್ಟೇ. ನಾನೂ ಹಾಗೇ ಒಂದು ಭಾನುವಾರ ಹೋಗಿದ್ದಾಗ ಡೆಟ್ರಾಯ್ಟ್ ಆಪೆರಾ ಹೌಸ್ ಮುಂದೆ ನಿಂತಿದ್ದೆ. ಭಾರಿ ಕಟ್ಟಡ, 1922ರದು. ಆಮೇಲೆ ಮನೆಗೆ ಬಂದು ಅದರ ಕಥೆ ಓದುತ್ತಾ ಕೂತಾಗ ಗೊತ್ತಾಗಿದ್ದು, 1971ರಲ್ಲಿ ಅದು ಗ್ರ್ಯಾಂಡ್ ಸರ್ಕಸ್ ಅನ್ನುವ ಸಿನಿಮಾ ಥಿಯೇಟರ್ ಆಗಿತ್ತು ಅಂತ. ಆ ವರ್ಷ ಮಾರ್ಚ್ 31ಕ್ಕೆ ಮೆಲ್ವಿನ್ ವ್ಯಾನ್ ಪೀಬಲ್ಸ್‌ನ ‘ಸ್ವೀಟ್ ಸ್ವೀಟ್‌ಬ್ಯಾಕ್ಸ್ ಬ್ಯಾಡಾಸ್ ಸಾಂಗ್’ ಬಿಡುಗಡೆ ಆಗಿದ್ದು ಅಲ್ಲೇ. ಈ ಸಿನಿಮಾಗಳ ಕಥೆಯೆಲ್ಲ ಶುರುವಾಗಿದ್ದು ಹೆಚ್ಚುಕಡಿಮೆ ಆ ಬಾಗಿಲಲ್ಲಿ. ನಾನು ಅದರ ಮುಂದೆ ನಿಂತು ಕಾಫಿ ಕುಡಿದು ಬಂದಿದ್ದೆ.

ಅಷ್ಟು ದೊಡ್ಡ ಥಿಯೇಟರ್ ಅಷ್ಟು ಚಿಕ್ಕ ಸಿನಿಮಾಗೆ ಹೇಗೆ ಸಿಕ್ಕಿತು? 1967ರಲ್ಲಿ ಡೆಟ್ರಾಯ್ಟ್ ಹೊತ್ತಿ ಉರಿದಿತ್ತು. ಪೊಲೀಸ್ ದಾಳಿಯಿಂದ ಶುರುವಾದ ಗಲಭೆಯಲ್ಲಿ 43 ಜನ ಸತ್ತರು. ಬಿಳಿಯರು ಅದಕ್ಕೆ ಮೊದಲೇ ಊರ ಹೊರಗೆ ಹೋಗಲು ಶುರು ಮಾಡಿದ್ದರು, ಆಮೇಲಂತೂ ಗುಳೆ ಎದ್ದ ಹಾಗೆ ಹೋದರು. ಅವರಿಗಾಗಿ ಕಟ್ಟಿದ್ದ ಅರಮನೆಯಂಥ ಥಿಯೇಟರುಗಳು ಖಾಲಿ ಬಿದ್ದವು. ಬೇರೆ ದೊಡ್ಡ ಊರುಗಳಲ್ಲೂ ಇದೇ ಕಥೆ. ಸುತ್ತಮುತ್ತ ಉಳಿದವರು ಕಪ್ಪು ಜನ, ಅವರು ಟಿಕೆಟ್ ಕೊಳ್ಳೋಕೆ ತಯಾರಿದ್ದರು, ಆದರೆ ಪರದೆ ಮೇಲೆ ಅವರ ಮುಖವೇ ಇರಲಿಲ್ಲ. ಇದ್ದರೂ ಅಡುಗೆಯವಳು, ಬಾಗಿಲು ಕಾಯುವವನು, ಇಲ್ಲಾ ಸಿಡ್ನಿ ಪಾಯ್ಟಿಯೆ ಅನ್ನುವ ಕಪ್ಪು ನಟನ ಥರ ಬಿಳಿಯರ ಮನೆಗೂ ಒಪ್ಪುವಂಥ ಸಭ್ಯ. ಖಾಲಿ ಸೀಟು ಒಂದು ಕಡೆ, ಹಸಿದ ಜನ ಇನ್ನೊಂದು ಕಡೆ. ಡೆಟ್ರಾಯ್ಟ್‌ನಲ್ಲೇ ಮಿಶಿಗನ್ ಥಿಯೇಟರ್ ಅಂತ ಇತ್ತು, 1926ರದು. ಅದನ್ನು ಕೊನೆಗೆ ಕಾರ್ ಪಾರ್ಕಿಂಗ್ ಮಾಡಿಬಿಟ್ಟರು. ಗಾರೆ ಕೆಲಸದ ಚಾವಣಿ ಹಾಗೇ ಇದೆ, ಕೆಳಗೆ ಕಾರು ನಿಂತಿರುತ್ತವೆ. ಕೆಂಪೇಗೌಡ ರಸ್ತೆಯಲ್ಲಿ ಥಿಯೇಟರುಗಳು ಒಂದೊಂದಾಗಿ ನೆಲಸಮ ಆಗಿದ್ದನ್ನು ನೋಡಿದವನು ನಾನು. ಪೂರ್ತಿ ಕೆಡವುವುದು ವಾಸಿಯೋ ಹೀಗೆ ಮಾಡುವುದು ವಾಸಿಯೋ ಗೊತ್ತಾಗಲಿಲ್ಲ.

ವ್ಯಾನ್ ಪೀಬಲ್ಸ್ ಕಥೆ ಕೇಳಿದರೆ ಯಾವ ಗಾಂಧಿನಗರದ ನಿರ್ಮಾಪಕನೂ ಎದ್ದು ಕೈಮುಗಿಯಬೇಕು. ದೊಡ್ಡ ಸ್ಟುಡಿಯೊ ಒಂದಕ್ಕೆ ಸಿನಿಮಾ ಮಾಡಿಕೊಟ್ಟು ಹೆಸರು ಬಂದಿತ್ತು, ಹಾಗೇ ಮುಂದುವರಿದಿದ್ದರೆ ಆರಾಮಾಗಿ ಇರಬಹುದಿತ್ತು. ಬಿಟ್ಟು ಬಂದ. ಬರೆದ, ನಿರ್ದೇಶಿಸಿದ, ದುಡ್ಡು ಹಾಕಿದ, ಎಡಿಟ್ ಮಾಡಿದ, ಸಂಗೀತ ಕೂರಿಸಿದ, ಹೀರೊನೂ ತಾನೇ ಆದ. ಹೀಗೆ ತಾನೇ ಎಲ್ಲಾ ಮಾಡುವವರು ನಮ್ಮಲ್ಲೂ ಇದ್ದಾರೆ, ಹೆಸರು ಬೇಡ. ಶೂಟಿಂಗ್ 19 ದಿನ. ದುಡ್ಡು ಸಾಲದೆ ಹಾಸ್ಯನಟ ಬಿಲ್ ಕಾಸ್ಬಿ ಹತ್ತಿರ 50,000 ಡಾಲರ್ ಸಾಲ. ಹಿನ್ನೆಲೆ ಸಂಗೀತಕ್ಕೆ ಅರ್ತ್, ವಿಂಡ್ ಅಂಡ್ ಫೈರ್ ಅನ್ನುವ ತಂಡ, ಆಗಿನ್ನೂ ಅವರನ್ನು ಕೇಳುವವರಿರಲಿಲ್ಲ. ಸೆನ್ಸಾರಿನವರು ದೊಡ್ಡವರಿಗೆ ಮಾತ್ರ ಅನ್ನುವ ಎಕ್ಸ್ ಕೊಟ್ಟಾಗ ಅವನು ಬಚ್ಚಿಡಲಿಲ್ಲ, ಬಿಳಿಯರೇ ತುಂಬಿದ ಜ್ಯೂರಿ ಕೊಟ್ಟ ಎಕ್ಸ್ ಅಂತ ಅದನ್ನೇ ಜಾಹೀರಾತು ಮಾಡಿದ. ಇಡೀ ದೇಶದಲ್ಲಿ ಮೊದಲಿಗೆ ಸಿಕ್ಕಿದ್ದು ಎರಡೇ ಥಿಯೇಟರ್, ಡೆಟ್ರಾಯ್ಟ್‌ನಲ್ಲಿ ಒಂದು, ಅಟ್ಲಾಂಟಾದಲ್ಲಿ ಇನ್ನೊಂದು. ಆಮೇಲೆ ಕೋಟಿಗಟ್ಟಲೆ ಬಾಚಿತು.

ಸಿನಿಮಾ ಚೆನ್ನಾಗಿದೆಯಾ? ನನಗೆ ಪೂರ್ತಿ ನೋಡೋಕೆ ಮೂರು ಸಲ ಕೂರಬೇಕಾಯಿತು. ಅರ್ಧಕ್ಕಿಂತ ಜಾಸ್ತಿ ಹೊತ್ತು ಒಬ್ಬ ಮನುಷ್ಯ ಓಡುತ್ತಲೇ ಇರುತ್ತಾನೆ. ಶುರುವಿನ ದೃಶ್ಯದಲ್ಲಿ ಚಿಕ್ಕ ಹುಡುಗನೊಬ್ಬನನ್ನು, ಅದೂ ಸ್ವಂತ ಮಗನನ್ನು, ಬಳಸಿಕೊಂಡ ರೀತಿ ಹೊಟ್ಟೆ ತೊಳಸುವಂಥದ್ದು, ಕಾಲ ಬೇರೆ ಇತ್ತು ಅಂತ ಹೇಳಿ ದಾಟಿ ಹೋಗೋಕೆ ನನಗಾಗುವುದಿಲ್ಲ. ಆದರೆ ಕಥೆಯ ಎಳೆ ನೋಡಿ. ಪೊಲೀಸರು ಒಬ್ಬ ಕಪ್ಪು ಹುಡುಗನನ್ನು ಬಡಿಯುತ್ತಾರೆ, ಇವನು ಪೊಲೀಸರನ್ನು ಬಡಿಯುತ್ತಾನೆ, ಓಡುತ್ತಾನೆ, ಗಡಿ ದಾಟಿ ಮೆಕ್ಸಿಕೊ ಸೇರುತ್ತಾನೆ. ಸಾಯಲ್ಲ. ವ್ಯಾನ್ ಪೀಬಲ್ಸ್ ಒಂದು ಪ್ರಸಂಗ ಹೇಳುತ್ತಿದ್ದ. ಥಿಯೇಟರಿನಲ್ಲಿ ಅವನ ಹತ್ತಿರ ಒಬ್ಬ ಮುದುಕಿ ಕೂತಿದ್ದಳಂತೆ. ಪರದೆಯಲ್ಲಿ ಹೀರೊ ಮರಳುಗಾಡಿನಲ್ಲಿ ಏಳುತ್ತಾ ಬೀಳುತ್ತಾ ಹೋಗುತ್ತಿದ್ದಾನೆ. ಅವಳು ದೇವರನ್ನು ಬೇಡಿಕೊಳ್ಳುತ್ತಿದ್ದಾಳೆ: ಅವನು ತಾನಾಗೇ ಸಾಯಲಪ್ಪಾ, ಅವರ ಕೈಯಲ್ಲಿ ಸಾಯೋದು ಬೇಡ. ಬದುಕಿಕೊಂಡು ಹೋಗುತ್ತಾನೆ ಅನ್ನುವುದು ಅವಳಿಗೆ ಹೊಳೆಯಲೇ ಇಲ್ಲ. ಅಂಥದ್ದೊಂದು ಕಥೆ ಅವಳು ಸಿನಿಮಾದಲ್ಲಿ ನೋಡೇ ಇರಲಿಲ್ಲ.

ಅದೇ ವರ್ಷ ‘ಶಾಫ್ಟ್’ ಬಂತು. ಅದು ಸ್ಟುಡಿಯೊ ಸಿನಿಮಾ, ಎಂಜಿಎಂನದು, ನಿರ್ದೇಶಕ ಗಾರ್ಡನ್ ಪಾರ್ಕ್ಸ್ ಲೈಫ್ ಪತ್ರಿಕೆಯಲ್ಲಿ ಹೆಸರು ಮಾಡಿದ್ದ ಫೋಟೊಗ್ರಾಫರ್. ಅದು ಗೆದ್ದಿದ್ದೇ ತಡ, ಎಲ್ಲರಿಗೂ ಇದರಲ್ಲಿ ದುಡ್ಡಿದೆ ಅಂತ ಮೂಗಿಗೆ ಬಡಿಯಿತು. ನೊಣ ಮುತ್ತಿದ ಹಾಗೆ ಮುತ್ತಿದರು. ಬಹಳಷ್ಟು ನಿರ್ಮಾಪಕರು ಬಿಳಿಯರು, ಎಷ್ಟೋ ನಿರ್ದೇಶಕರೂ ಬಿಳಿಯರು. ದುಡ್ಡು ಯಾರ ಜೇಬಿನಿಂದ ಹೊರಟು ಯಾರ ಜೇಬಿಗೆ ಹೋಯಿತು ಅಂತ ನೋಡಿದರೆ ಗ್ರಿಫಿನ್ ಇಟ್ಟ ಹೆಸರು ಸರಿಯಾಗೇ ಇದೆ. ಆದರೆ ನಟ ಫ್ರೆಡ್ ವಿಲಿಯಮ್ಸನ್‌ಗೆ ಆ ಪದ ಕಂಡರೆ ಆಗದು. ಸುಲಿಗೆ ಆಗಿದ್ದು ಯಾರದು, ನಮಗೆಲ್ಲ ಕೆಲಸ ಸಿಕ್ಕಿತ್ತು, ಸಂಬಳ ಬರುತ್ತಿತ್ತು ಅಂತ ಅವನ ವಾದ. ಇಬ್ಬರೂ ಸರಿ ಅನ್ನಿಸುತ್ತದೆ. ಏನು ಮಾಡೋದು?

ಡೋಲೆಮೈಟ್ ಕಡೆಗೆ ಬರುತ್ತೇನೆ. ನಮ್ಮ ಪ್ಲಾಂಟಿನಲ್ಲಿ ಒಬ್ಬ ಹಿರಿಯರಿದ್ದರು, ಟೂಲಿಂಗ್ ವಿಭಾಗ, ನಿವೃತ್ತಿಗೆ ಇನ್ನೇನು ಎರಡು ವರ್ಷ ಇತ್ತು. ಕಪ್ಪು ಅಮೆರಿಕನ್, ಡೆಟ್ರಾಯ್ಟ್‌ನಲ್ಲೇ ಹುಟ್ಟಿ ಬೆಳೆದವರು. ಮಧ್ಯಾಹ್ನ ಊಟದ ಹೊತ್ತಲ್ಲಿ ನಾನು ಚಿತ್ರಾನ್ನದ ಡಬ್ಬಿ ಬಿಚ್ಚಿಕೊಂಡು ನನ್ನ ಮೈಕಿನ ಕಥೆ ಹೇಳಿದೆ, ಅಭಿನಯದ ಸಮೇತ. ಅವರು ನಗಲಿಲ್ಲ. ಸಿಟ್ಟೂ ಮಾಡಿಕೊಳ್ಳಲಿಲ್ಲ. "ಮೈಕಾ? ನಾನು ಎರಡು ಸಲ ಥಿಯೇಟರಿನಲ್ಲಿ ನೋಡಿದ್ದೆ. ಮೈಕು ನೆನಪಿಲ್ಲ" ಅಂದರು. ವಯಸ್ಸಾಯಿತು, ಮರೆತಿದ್ದಾರೆ ಅಂದುಕೊಂಡೆ. ಎಂಥ ದುರಹಂಕಾರ ನೋಡಿ.

ಥಿಯೇಟರಿನಲ್ಲಿ ಅವರಿಗೆ ಮೈಕು ಕಂಡೇ ಇರಲಿಲ್ಲ. ಯಾಕೆ ಅನ್ನುವುದು ನಮ್ಮ ಕಡೆ ಟೆಂಟಿನಲ್ಲಿ ಸಿನಿಮಾ ನೋಡಿದವರಿಗೆ ಬೇಗ ಅರ್ಥ ಆಗುತ್ತದೆ. ಒಮ್ಮೊಮ್ಮೆ ರೀಲು ಬದಲಾಯಿಸಿದಾಗ ಪರದೆ ಮೇಲೆ ಹೀರೊ ತಲೆ ಅರ್ಧ ಹೋಗಿ ಕಾಲು ಜಾಸ್ತಿ ಕಾಣುತ್ತಿತ್ತು, ಆಗ ಇಡೀ ಟೆಂಟು ಹಿಂದೆ ತಿರುಗಿ ಆಪರೇಟರನಿಗೆ ಬೈಯುತ್ತಿತ್ತು. ಫಿಲ್ಮಿನಲ್ಲಿ ಇರುವುದೆಲ್ಲ ಪರದೆಗೆ ಬರಬೇಕಾದದ್ದಲ್ಲ ಅನ್ನುವುದಕ್ಕೆ ಅದೇ ಸಾಕ್ಷಿ. ಆಗಿನ ಎಷ್ಟೋ ಸಿನಿಮಾಗಳನ್ನು ಫಿಲ್ಮಿನ ಪೂರ್ತಿ ಎತ್ತರಕ್ಕೆ ತೆಗೆಯುತ್ತಿದ್ದರು. ಥಿಯೇಟರಿನಲ್ಲಿ ಪ್ರೊಜೆಕ್ಟರಿನೊಳಗೆ ಒಂದು ತಗಡು ಕೂರಿಸಿ ಮೇಲಿನದು, ಕೆಳಗಿನದು ಮರೆ ಮಾಡಿ, ನಡುವಿನ ಅಗಲದ ಪಟ್ಟಿ ಮಾತ್ರ ತೋರಿಸುತ್ತಿದ್ದರು. ಕ್ಯಾಮೆರಾದವನು ಆ ಪಟ್ಟಿಯನ್ನು ಲೆಕ್ಕಕ್ಕೆ ಇಟ್ಟುಕೊಂಡೇ ಫ್ರೇಮ್ ಇಡುತ್ತಿದ್ದ. ಮೈಕು ಹಿಡಿದವನು ಆ ಗೆರೆಗಿಂತ ಮೇಲೆ ನಿಂತರೆ ಸಾಕು. ಆಮೇಲೆ ವಿಡಿಯೊ ಕ್ಯಾಸೆಟ್ ಬಂತು. ಆಗಿನ ಟಿವಿ ಹೆಚ್ಚುಕಡಿಮೆ ಚೌಕ. ಕ್ಯಾಸೆಟ್ ಮಾಡಿದವರು ಮರೆ ಮಾಡಬೇಕಾದದ್ದನ್ನು ಮಾಡದೆ ಪೂರ್ತಿ ಬಿಚ್ಚಿ ಇಟ್ಟರು. ಮೈಕು ಮನೆಮನೆಗೆ ಬಂತು.

2016ರಲ್ಲಿ ವಿನೆಗರ್ ಸಿಂಡ್ರೋಮ್ ಅನ್ನುವ ಕಂಪನಿ ಡೋಲೆಮೈಟನ್ನು ಶುಚಿ ಮಾಡಿ ಬ್ಲೂರೇ ತಂದಿತು, ಅಗಲದ ಪಟ್ಟಿ ಸರಿಯಾಗಿ ಇಟ್ಟು. ನಾನು ತರಿಸಿ ನೋಡಿದೆ. ಮೈಕು ಹೆಚ್ಚುಕಡಿಮೆ ಮಾಯ! ಅಷ್ಟೇ ಅಲ್ಲ, ಫ್ರೇಮುಗಳು ಚೆನ್ನಾಗಿದ್ದವು. ಬೆಳಕು ಚೆನ್ನಾಗಿತ್ತು. ಕ್ಯಾಮೆರಾ ಹಿಡಿದವನು ನಿಕೋಲಸ್ ಜೋಸೆಫ್ ವಾನ್ ಸ್ಟರ್ನ್‌ಬರ್ಗ್, ಹಳೆಯ ಹಾಲಿವುಡ್‌ನ ಮಹಾ ನಿರ್ದೇಶಕ ಜೋಸೆಫ್ ವಾನ್ ಸ್ಟರ್ನ್‌ಬರ್ಗ್‌ನ ಮಗ. ಜೊತೆಗಿದ್ದವರು ಯುಸಿಎಲ್‌ಎ ಸಿನಿಮಾ ಶಾಲೆಯ ಹುಡುಗರು. ಎಷ್ಟೋ ವರ್ಷ ಜನ ಆಡಿಕೊಂಡು ನಕ್ಕಿದ್ದು ಇವರು ಮಾಡದ ತಪ್ಪಿಗೆ. ತಮಾಷೆ ಏನಂದರೆ ಅದೇ ಡಿಸ್ಕಿನಲ್ಲಿ ಮೈಕು ಕಾಣುವ ಹಳೆಯ ಆವೃತ್ತಿಯನ್ನೂ ಬೇರೆಯಾಗಿ ಹಾಕಿದ್ದಾರೆ. ಅದಿಲ್ಲದಿದ್ದರೆ ಅಭಿಮಾನಿಗಳು ಬಿಡುತ್ತಿರಲಿಲ್ಲ. ಹೀಗೆ ಹುಚ್ಚು ಅಭಿಮಾನಿಗಳಿರುವ ಕಲ್ಟ್ ಸಿನಿಮಾದ ಹಣೆಬರಹ ಇದು. ಪ್ರೀತಿ ಎಷ್ಟು, ಗೇಲಿ ಎಷ್ಟು ಅಂತ ಬೇರೆ ಮಾಡೋಕಾಗಲ್ಲ.

ಆ ಡಿಸ್ಕ್ ಹಿಡಿದುಕೊಂಡೇ ಆ ಹಿರಿಯರ ಮನೆಗೆ ಹೋದೆ. ಇಬ್ಬರೂ ಕೂತು ನೋಡಿದೆವು. ನಾನು ಸಿನಿಮಾಕ್ಕಿಂತ ಅವರನ್ನೇ ಜಾಸ್ತಿ ನೋಡಿದೆ. ಅವರೂ ಬಿದ್ದು ಬಿದ್ದು ನಗುತ್ತಿದ್ದರು, ಆದರೆ ನಾನು ನಗುವ ಜಾಗದಲ್ಲಲ್ಲ. ಕಾಲು ತಗಲದೇ ಬಿದ್ದವನನ್ನು ನೋಡಿ ಅವರಿಗೆ ಏನೂ ಅನ್ನಿಸಲಿಲ್ಲ. ಡೋಲೆಮೈಟ್ ಒಂದು ಕಡೆ ನಿಂತು ಟೈಟಾನಿಕ್ ಹಡಗಿನ ಪದ ಹೇಳೋಕೆ ಶುರು ಮಾಡುತ್ತಾನೆ, ನಾನು ಪಿ.ಜಿ.ಯಲ್ಲಿ ಓಡಿಸಿಬಿಟ್ಟಿದ್ದ ಭಾಗ ಅದು. ಇವರು ಸೋಫಾದ ತುದಿಗೆ ಬಂದು ಕೂತು ಜೊತೆಜೊತೆಗೇ ಹೇಳತೊಡಗಿದರು. ಒಂದು ಸಾಲೂ ತಪ್ಪಲಿಲ್ಲ. "ಅಂಗಡಿ ಕಟ್ಟೆ ಮೇಲೆ ಮಾವಂದಿರು ಹೇಳ್ತಿದ್ರು. ನಮ್ಮಮ್ಮ ಕೇಳಿಸ್ಕೊಂಡ್ರೆ ಒದೆ ಬೀಳ್ತಿತ್ತು" ಅಂದರು.

ಕಥೆ ಏನಂದರೆ, ಹಡಗಿನ ಹೊಟ್ಟೆಯಲ್ಲಿ ಕಲ್ಲಿದ್ದಲು ಹಾಕುವ ಶೈನ್ ಅನ್ನುವ ಕಪ್ಪು ಆಳು ಮೇಲೆ ಬಂದು, ನೀರು ನುಗ್ಗುತ್ತಿದೆ ಅನ್ನುತ್ತಾನೆ. ಕ್ಯಾಪ್ಟನ್ ಗದರಿಸಿ ಕೆಳಗೆ ಕಳಿಸುತ್ತಾನೆ, ಪಂಪು ಇದೆ ಹೋಗೋ. ಶೈನ್ ಸಮುದ್ರಕ್ಕೆ ಹಾರುತ್ತಾನೆ. ಸಾಹುಕಾರರು ದುಡ್ಡು ಕೊಡುತ್ತೇವೆ ಕಾಪಾಡೋ ಅಂತ ಕೂಗುತ್ತಾರೆ, ಇವನು ಕೇಳಬಾರದ ಉತ್ತರ ಕೊಟ್ಟು ಈಜಿಕೊಂಡು ಹೋಗುತ್ತಾನೆ. ಪ್ರಾಸ ಬಿಡದೆ, ತಾಳಕ್ಕೆ ಸರಿಯಾಗಿ, ಪೋಲಿ ಮಾತು ಸೇರಿಸಿ ಹೇಳುವ ಪದ. ಇದನ್ನು ಟೋಸ್ಟ್ ಅನ್ನುತ್ತಾರೆ. ಬರೆದಿಟ್ಟವರು ಯಾರೂ ಅಲ್ಲ, ಬಾಯಿಂದ ಬಾಯಿಗೆ ಬಂದದ್ದು. ನಮ್ಮ ಲಾವಣಿ, ಗೀಗೀ ಪದದವರ ಹತ್ತಿರದ ನೆಂಟ ಅನ್ನಬಹುದು. ಡೋಲೆಮೈಟ್ ಪಾತ್ರ ಮಾಡಿದ ರೂಡಿ ರೇ ಮೂರ್ ಅಂದರೆ ಸಿನಿಮಾ ಹೀರೊ ಆಗುವ ಮೊದಲು ಈ ಪದಗಳನ್ನು ಹೇಳುತ್ತಿದ್ದ ಹಾಸ್ಯಗಾರ. ಲಾಸ್ ಏಂಜಲೀಸ್‌ನ ಒಂದು ರೆಕಾರ್ಡ್ ಅಂಗಡಿಯಲ್ಲಿ ಕೆಲಸಕ್ಕಿದ್ದಾಗ ಅಲ್ಲಿಗೆ ಬರುತ್ತಿದ್ದ ಒಬ್ಬ ಬಡ ಕುಡುಕನಿಂದ ಡೋಲೆಮೈಟನ ಕಥೆಗಳನ್ನು ಕೇಳಿ, ರೆಕಾರ್ಡ್ ಮಾಡಿಕೊಂಡು, ತನ್ನದೇ ಪ್ಲೇಟು ತಂದ. ಅಂಗಡಿಯವರು ಅದನ್ನು ಕೌಂಟರಿನ ಕೆಳಗೆ ಇಟ್ಟು ಮಾರುತ್ತಿದ್ದರು. ಆ ದುಡ್ಡಿನಲ್ಲೇ ಸಿನಿಮಾ ಮಾಡಿದ್ದು, ಸುಮಾರು ಒಂದು ಲಕ್ಷ ಡಾಲರ್. ಸ್ಟುಡಿಯೊ ಬಾಡಿಗೆಗೆ ದುಡ್ಡಿಲ್ಲ ಅಂತ ಡನ್‌ಬಾರ್ ಹೋಟೆಲ್ ಅನ್ನುವ ಪಾಳುಬಿದ್ದ ಕಟ್ಟಡದಲ್ಲಿ ಬೀಡುಬಿಟ್ಟರು. ಒಂದು ಕಾಲಕ್ಕೆ ಜಾಝ್ ಸಂಗೀತಗಾರ ಡ್ಯೂಕ್ ಎಲಿಂಗ್ಟನ್‌ನಂಥ ಕಪ್ಪು ಕಲಾವಿದರು ಇಳಿದುಕೊಳ್ಳುತ್ತಿದ್ದ ಹೋಟೆಲ್, ಯಾಕೆಂದರೆ ಬಿಳಿಯರ ಹೋಟೆಲುಗಳಲ್ಲಿ ಅವರಿಗೆ ರೂಮು ಕೊಡುತ್ತಿರಲಿಲ್ಲ. 1928ರಲ್ಲಿ ಅದು ಶುರುವಾದಾಗ ಎನ್‌ಎಎಸಿಪಿಯ ಸಮ್ಮೇಳನ ನಡೆದಿದ್ದೂ ಅಲ್ಲೇ. ಬ್ಲಾಕ್ಸ್‌ಪ್ಲಾಯ್ಟೇಶನ್ ಅಂತ ಬೈದವರ ಹಳೆಯ ಅಂಗಳದಲ್ಲೇ ಡೋಲೆಮೈಟ್ ತಯಾರಾಯಿತು.

ಹಾಗಂತ ಎಲ್ಲವನ್ನೂ ತಲೆ ಮೇಲೆ ಹೊತ್ತುಕೊಳ್ಳಲಾರೆ. ಹೆಣ್ಣುಗಳನ್ನು ಇವು ನಡೆಸಿಕೊಳ್ಳುವ ರೀತಿ ಬಹಳ ಕಡೆ ಅಸಹ್ಯ. ಕೆಲವಂತೂ ಸುಮ್ನೆ ಕೆಟ್ಟ ಸಿನಿಮಾ, ಯಾವ ಕಾರಣ ಕೊಟ್ಟರೂ ಕೆಟ್ಟವೇ. ‘ಸೂಪರ್ ಫ್ಲೈ’ ಹೀರೊ ಕೊಕೇನ್ ಮಾರುವವನು, ಅವನ ಕೋಟು, ಅವನ ಕ್ಯಾಡಿಲ್ಯಾಕ್ ನೋಡಿದರೆ ಯಾವ ಹುಡುಗನಿಗೂ ಆಸೆ ಹುಟ್ಟಬೇಕು. ಆದರೆ ಅದೇ ಸಿನಿಮಾದ ಹಾಡುಗಳಲ್ಲಿ ಕರ್ಟಿಸ್ ಮೇಫೀಲ್ಡ್ ಮೆತ್ತಗಿನ ದನಿಯಲ್ಲಿ ಆ ದಂಧೆಯ ಬುಡಕ್ಕೇ ಕೊಡಲಿ ಹಾಕುತ್ತಾನೆ. ಚಿತ್ರ ಒಂದು ಕಡೆ ಎಳೆಯುತ್ತದೆ, ಹಾಡು ಇನ್ನೊಂದು ಕಡೆ. ಜಗಳ ಆಡುವ ಗಂಡ ಹೆಂಡತಿ ಒಂದೇ ಗಾಡಿಯಲ್ಲಿ ಹೊರಟ ಹಾಗೆ. ಈ ಸಿನಿಮಾಗಳನ್ನು ನೋಡದವರೂ ಇವುಗಳ ಸಂಗೀತ ಕೇಳಿರುತ್ತಾರೆ. ಶಾಫ್ಟ್ ಹಾಡಿಗೆ ಐಸಾಕ್ ಹೇಯ್ಸ್‌ಗೆ 1972ರಲ್ಲಿ ಆಸ್ಕರ್ ಬಂತು. ಆ ವಿಭಾಗದಲ್ಲಿ ಅದನ್ನು ಗೆದ್ದ ಮೊದಲ ಕಪ್ಪು ಕಲಾವಿದ ಅವನು.

ಒಳಗೊಳಗೇ ಯಾರೋ ಒಬ್ಬರು ಸಿನಿಮಾವನ್ನು ಒಂದು ಗೇಣು ಮೇಲೆತ್ತಿದ್ದು ಆಗಾಗ ಸಿಗುತ್ತದೆ, ನನಗೆ ಹುಚ್ಚು ಹಿಡಿಸಿದ್ದು ಅದೇ. ‘ಬ್ಲಾಕ್ಯುಲ’ ಅಂತ ಒಂದಿದೆ, ಹೆಸರಲ್ಲೇ ಗೊತ್ತಾಗುತ್ತಲ್ಲ, ಕಪ್ಪು ಡ್ರಾಕ್ಯುಲ. ಅದರ ನಟ ವಿಲಿಯಂ ಮಾರ್ಷಲ್ ಶೇಕ್ಸ್‌ಪಿಯರ್ ನಾಟಕ ಮಾಡಿ ಬಂದವನು. ಸುಮ್ನೆ ಹಲ್ಲು ತೋರಿಸೋಕೆ ಒಪ್ಪಲಿಲ್ಲ. ಅವನ ಹಟದಿಂದ ಪಾತ್ರಕ್ಕೊಂದು ಹಿಂದಿನ ಕಥೆ ಬಂತು: ಇವನು ಆಫ್ರಿಕಾದ ರಾಜಕುಮಾರ, ಗುಲಾಮರ ವ್ಯಾಪಾರ ನಿಲ್ಲಿಸಲು ನೆರವು ಕೇಳಿಕೊಂಡು 1780ರಲ್ಲಿ ಡ್ರಾಕ್ಯುಲನ ಕೋಟೆಗೆ ಬಂದವನು. ಡ್ರಾಕ್ಯುಲ ಅವನನ್ನು ಕಚ್ಚಿ, ಹೆಸರನ್ನೂ ಕಿತ್ತುಕೊಂಡು, ತನ್ನ ಹೆಸರು ಅಂಟಿಸಿ ಪೆಟ್ಟಿಗೆಯಲ್ಲಿ ಬೀಗ ಹಾಕುತ್ತಾನೆ. ಎರಡನೇ ದರ್ಜೆಯ ದೆವ್ವದ ಸಿನಿಮಾದ ಮೊದಲ ಹತ್ತು ನಿಮಿಷದಲ್ಲಿ ಇಷ್ಟು ತುರುಕಿದ್ದಾನೆ ಪುಣ್ಯಾತ್ಮ. ಇನ್ನು ಪ್ಯಾಮ್ ಗ್ರಿಯರ್. ಎಐಪಿ ಅನ್ನುವ ಕಡಿಮೆ ಬಜೆಟ್ ಕಂಪನಿಯಲ್ಲಿ ಫೋನ್ ಕರೆ ಜೋಡಿಸುವ ಕೆಲಸಕ್ಕಿದ್ದ ಹುಡುಗಿ. ಅದೇ ಕಂಪನಿಯ ‘ಕಾಫಿ’ಯಲ್ಲಿ ಅವಳು ನರ್ಸ್, ತಂಗಿಯನ್ನು ಮಾದಕವಸ್ತುವಿಗೆ ಬಲಿ ಮಾಡಿದವರನ್ನು ಒಬ್ಬೊಬ್ಬರಾಗಿ ಹುಡುಕಿ ಹೋಗುವವಳು. ಒಂದು ಜಗಳದಲ್ಲಿ ಎದುರಾಳಿ ಅವಳ ಗುಂಗುರು ಕೂದಲಿಗೆ ಕೈ ಹಾಕುತ್ತಾಳೆ. ಕೂದಲೊಳಗೆ ಬ್ಲೇಡು ಸಿಕ್ಕಿಸಿಟ್ಟಿದ್ದಾಳೆ! ಜಡೆ ಜಗಳ ನೋಡಿ ಬೆಳೆದ ನನಗೂ ಈ ಉಪಾಯ ಗೊತ್ತಿರಲಿಲ್ಲ.

1970ರ ದಶಕದ ನಡುವೆ ಎಲ್ಲಾ ಸದ್ದಿಲ್ಲದೆ ನಿಂತಿತು. ಕಪ್ಪು ಪ್ರೇಕ್ಷಕರು ‘ಗಾಡ್‌ಫಾದರ್’ ಮತ್ತು ‘ಎಕ್ಸಾರ್ಸಿಸ್ಟ್’ಗೂ ಸಾಲುಗಟ್ಟಿ ಬರುತ್ತಾರೆ, ಅವರಿಗೇ ಅಂತ ಬೇರೆ ಅಡುಗೆ ಯಾಕೆ ಅಂತ ಹಾಲಿವುಡ್ ಲೆಕ್ಕ ಹಾಕಿತು. ಆ ನಟರಲ್ಲಿ ಬಹಳ ಜನ ಮೂಲೆಗೆ ಬಿದ್ದರು. ಗ್ರಿಯರ್‌ಗೆ ಮತ್ತೆ ಅವಳ ಅಳತೆಗೆ ತಕ್ಕ ದೊಡ್ಡ ಪಾತ್ರ ಸಿಗೋಕೆ 1997ರ ‘ಜಾಕಿ ಬ್ರೌನ್’ವರೆಗೆ ಕಾಯಬೇಕಾಯಿತು. ಮೂರ್‌ನ ಹಳೆಯ ಪ್ಲೇಟುಗಳನ್ನು ರ‍್ಯಾಪ್ ಹುಡುಗರು ಕಂಡುಕೊಂಡರು, ಪ್ರಾಸದ ಗುರು ಅಂದರು. ಅವನ ಬಗ್ಗೆ ಎಡ್ಡಿ ಮರ್ಫಿ ಸಿನಿಮಾ ಮಾಡಿದ್ದು 2019ರಲ್ಲಿ. ಮೂರ್ ಅಷ್ಟರಲ್ಲಿ ತೀರಿಕೊಂಡು 11 ವರ್ಷ ಆಗಿತ್ತು.

ಅವತ್ತು ಡೋಲೆಮೈಟ್ ಮುಗಿದ ಮೇಲೆ ಹಿರಿಯರು ತಮ್ಮದೊಂದು ಡಿಸ್ಕ್ ತೆಗೆದರು. ‘ಹ್ಯೂಮನ್ ಟೊರ್ನಾಡೊ’, 1976ರದು, ಮೂರ್‌ನ ಮುಂದಿನ ಡೋಲೆಮೈಟ್. ಅದರಲ್ಲಿ ಮೂರ್ ಮೈಮೇಲೆ ನೂಲೆಳೆ ಇಲ್ಲದೆ ಒಂದು ದಿಬ್ಬದಿಂದ ಕೆಳಗೆ ಹಾರುತ್ತಾನೆ. ಡೂಪ್ ಇಲ್ಲ, ನಲವತ್ತೊಂಬತ್ತರ ಹೊಟ್ಟೆ ಅಲ್ಲಾಡುತ್ತಾ ಗಾಳಿಯಲ್ಲಿದೆ. ಅಷ್ಟರಲ್ಲಿ ಚಿತ್ರ ಗಕ್ಕನೆ ನಿಲ್ಲುತ್ತದೆ. ಅವನದೇ ದನಿ ಪ್ರೇಕ್ಷಕರನ್ನು ಕೇಳುತ್ತದೆ, ನಾನು ಹಾರಿದೆ ಅಂದರೆ ನಂಬಲ್ವಾ, ಸರಿ, ಇನ್ನೊಂದು ಸಲ ನೋಡಿ. ರೀಲು ಹಿಂದಕ್ಕೆ ಹೋಗಿ, ಮತ್ತೆ ಹಾರುತ್ತಾನೆ.

ಹಿರಿಯರು ಕಣ್ಣು ಒರೆಸಿಕೊಂಡು ರಿಮೋಟ್ ತಗೊಂಡು ಹಿಂದಕ್ಕೆ ಓಡಿಸಿದರು. ನಾವು ಮೂರನೇ ಸಲ ನೋಡಿದೆವು.